ಅತ್ತೆಯ ಕೆಂಪು ಚೀಟಿ

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಒಂದು ಹೆಸರಿನಿಂದ ನಮ್ಮ ಮನೆಯಲ್ಲಿ ಆದ ಫಜೀತಿಯೇ ಬೇಕಾದಷ್ಟಿದೆ. ಇನ್ನೂ ನಾಲ್ಕು ಹೆಸರು ಹೇಳಿ ಮೈಮೇಲೆ ಎಳೆದುಕೊಳ್ಳುವ ಉಮೇದು ನನಗಿಲ್ಲ.

ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿಯೊಂದನ್ನು ತೊಳೆದು, ಸುಣ್ಣ ಬಳಿದು, ಅದರೊಳಗೆ ಹಿರಿಯರ ಹಗಲು ಕೇಂದ್ರ ತೆರೆದು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಹತ್ತಕ್ಕೆ ಬರುವುದು, ಸಂಜೆ ಐದಕ್ಕೆ ಮನೆಗೆ ಹೋಗುವುದು. ನಡುವೆ ಎರಡು ಸಲ ಚಹಾ, ಒಂದು ಊಟ, ಒಂದಿಷ್ಟು ಭಜನೆ, ಕುರ್ಚಿಯಲ್ಲಿ ಕೂತಲ್ಲೇ ಕೈಕಾಲು ಆಡಿಸುವ ಕಸರತ್ತು. ಸುಣ್ಣ ಎಷ್ಟು ಬಳಿದರೂ ಗೋಡೆಯೊಳಗಿನ ತಂಬಾಕು ಹೋಗಿಲ್ಲ. ಹೊಸದಾಗಿ ಸೇರಿದವರು ಮೊದಲ ವಾರವೆಲ್ಲ ಸೀನುತ್ತಾರೆ. ಸೀನು ನಿಂತಿತು ಅಂದರೆ ಅವರು ಕಾಯಂ ಆದರು ಅಂತ ತಿಳಿಯಬೇಕು. ನನ್ನ ಅತ್ತೆ ಎರಡೇ ದಿನಕ್ಕೆ ಕಾಯಂ ಆದವರು.

ನಾನು ಅಲ್ಲಿನ ಸದಸ್ಯಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ ನಿವೃತ್ತಳಾದವಳು. ಅತ್ತೆಯನ್ನು ಬಿಡಲು ಹೋದಾಗ ಕೇಂದ್ರ ನಡೆಸುವ ಹೆಣ್ಣುಮಗಳು, 'ಬಾಯಾರ, ದಿನಾ ಒಂದ ತಾಸ ಪೇಪರ್ ಓದಿ ಹೇಳ್ರಿ' ಅಂದಳು. ನಮ್ಮ ಕಡೆ ಶಿಕ್ಷಕಿಗೆ ಬಾಯಾರು ಅನ್ನುತ್ತಾರೆ. ಹನ್ನೊಂದರಿಂದ ಹನ್ನೆರಡರವರೆಗೆ ಓದಿ ಹೇಳುತ್ತೇನೆ. ವಯಸ್ಸು ಅರವತ್ತಮೂರು, ಅದು ನಿಜ. ಆದರೆ ಅಲ್ಲಿಯ ಕುರ್ಚಿ ಕಸರತ್ತಿಗೆ ನನ್ನನ್ನು ಕರೆದವರಿಗೆ ನಾನು ಎಂಥ ಮುಖ ತೋರಿಸುತ್ತೇನೆಂಬುದು ಈಗ ಎಲ್ಲರಿಗೂ ಗೊತ್ತು, ಯಾರೂ ಕರೆಯುವುದಿಲ್ಲ.

ಅತ್ತೆಗೆ ಎಂಬತ್ತನಾಲ್ಕು. ಹುಟ್ಟಿದ್ದು, ಬಾಳಿದ್ದು ಕರೋಶಿಯಲ್ಲಿ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ನಿಪ್ಪಾಣಿಗೆ ಬಂದರು. ಮನೆಯಲ್ಲಿ ಅವರಿಗೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಹಾಗೆ ನೋಡಿದರೆ ಅದೇ ತೊಂದರೆ. ನನ್ನ ಗಂಡ ಬ್ಯಾಂಕಿನಲ್ಲಿ ಜೀವನ ಸವೆಸಿದ ಮನುಷ್ಯ, ಅಪಾಯ ಎಂಬುದನ್ನು ಮೂರು ಓಣಿ ಆಚೆಯೇ ಕಂಡುಹಿಡಿಯುತ್ತಾರೆ. ಅವ್ವ ಒಲೆ ಹಚ್ಚಬಾರದು, ಕೈ ಸುಡುತ್ತದೆ. ಬೆಳ್ಳುಳ್ಳಿ ಸುಲಿಯಬಾರದು, ಚಾಕು ತಗಲುತ್ತದೆ. ಅಂಗಳಕ್ಕೆ ನೀರು ಹಾಕಬಾರದು, ಜಾರುತ್ತದೆ. ಕೊನೆಗೆ ಅತ್ತೆಗೆ ಉಳಿದದ್ದು ಉಸಿರಾಡುವ ಕೆಲಸ ಒಂದೇ. ಅದನ್ನೂ ಮಗ ಆಗಾಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.

ಕೇಂದ್ರದಲ್ಲಿ ಅವರಿಗೆ ಸಿಕ್ಕಿದ್ದು ಆರೈಕೆಯಲ್ಲ, ಎದುರಾಳಿ. ವಯಸ್ಸಾದವರಿಗೆ ಪ್ರೀತಿ ಬೇಕು, ಮಾತು ಬೇಕು ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಜಗಳಾಡಲು ಸರಿಜೋಡಿ ಒಬ್ಬರು ಬೇಕು ಅಂತ ಯಾರೂ ಹೇಳುವುದಿಲ್ಲ. ಸೊಸೆಯ ಜೊತೆ ಜಗಳಾಡಿದರೆ ಅದಕ್ಕೆ ನೂರೆಂಟು ಅರ್ಥ ಬರುತ್ತದೆ, ಮಗ ಎರಡು ದಿನ ಊಟ ಬಿಡುತ್ತಾನೆ. ಓರಗೆಯವರ ಜಗಳ ಹಾಗಲ್ಲ. ಸಂಜೆ ಐದಕ್ಕೆ ನಿಲ್ಲುತ್ತದೆ, ಮರುದಿನ ಹತ್ತಕ್ಕೆ ಬಿಟ್ಟಲ್ಲಿಂದ ಶುರುವಾಗುತ್ತದೆ, ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಅತ್ತೆಯ ಎದುರಾಳಿ ಒಬ್ಬ ಬೀಡಿ ಅಜ್ಜಿ. ಐವತ್ತು ವರ್ಷ ಬೀಡಿ ಕಟ್ಟಿದ ಕೈ, ಈಗಲೂ ಸುಮ್ಮನೆ ಕೂತರೆ ಬೆರಳುಗಳು ಗಾಳಿಯನ್ನೇ ಸುರುಳಿ ಸುತ್ತುತ್ತವೆ. ಮನೆಮಾತು ಮರಾಠಿ, ಬೈಯುವುದು ಮಾತ್ರ ಕನ್ನಡದಲ್ಲಿ. ಇಬ್ಬರೂ ಚಹಾ ಆದ ತಕ್ಷಣ ಚೌಕಾಬಾರಕ್ಕೆ ಕೂರುತ್ತಾರೆ. ಅತ್ತೆ ಆಟದಲ್ಲಿ ಮೋಸ ಮಾಡುತ್ತಾರೆ. ನಾಚಿಕೆಯಿಲ್ಲದೆ ಮಾಡುತ್ತಾರೆ. ಬೀಡಿ ಅಜ್ಜಿ ನೀರಿನ ಲೋಟ ಬಾಯಿಗೆ ಎತ್ತಿದ ಹೊತ್ತು ನೋಡಿ, ಸೆರಗಿನ ತುದಿಯಿಂದ ಹುಣಸೆಬೀಜವನ್ನು ಒಂದು ಮನೆ ಮುಂದೆ ಸರಿಸಿರುತ್ತಾರೆ. 'ಸರಿಸಿದಿ' ಅಂದರೆ, 'ನಿನ್ನ ಕಣ್ಣಾಗ ಪರೆ ಬಂದೈತಿ, ಡಾಕ್ಟರಿಗೆ ತೋರ್ಸು' ಅನ್ನುತ್ತಾರೆ. ಮನೆಯಲ್ಲಿ ಮಗ ಚಾಕು ಮುಟ್ಟಗೊಡದ ಈ ಹೆಂಗಸು ಇಲ್ಲಿ ಹಗಲುದರೋಡೆ ಮಾಡುತ್ತಿರುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಶಾಲೆಯಲ್ಲಿ ನಕಲು ಹೊಡೆಯುವ ಮಕ್ಕಳ ಕಿವಿ ಹಿಂಡಿದವಳು ನಾನು. ಇಲ್ಲಿ ಪೇಪರ್ ಅಡ್ಡ ಹಿಡಿದು ನಗುತ್ತಿದ್ದೆ.

ಹೀಗಿರುವಾಗ ಕೇಂದ್ರದಲ್ಲಿ ಜ್ಞಾಪಕಶಕ್ತಿ ತಪಾಸಣೆ ಅಂತ ಒಂದು ಶಿಬಿರ ಆಯಿತು. ಬಂದವಳು ತೀರಾ ಎಳೆಯ ಡಾಕ್ಟರ್, ಮೈಸೂರು ಕಡೆಯ ಹುಡುಗಿ. ಮಾತು ಸಕ್ಕರೆ. ಮೂಲೆಯ ಕೋಣೆಗೆ ಪರದೆ ಇಳಿಬಿಟ್ಟು, ಒಬ್ಬೊಬ್ಬರನ್ನೇ ಒಳಗೆ ಕರೆದು, ಹಾಳೆಯಲ್ಲಿದ್ದ ಪ್ರಶ್ನೆ ಕೇಳಿ ಗುರುತು ಹಾಕಿಕೊಳ್ಳುತ್ತಿದ್ದಳು. ಪರದೆಯ ಹೊರಗೆ ಕೂತ ನನಗೆ ಎಲ್ಲವೂ ಕೇಳುತ್ತಿತ್ತು. ಬಾಯಿ ಮಾತ್ರ ಹಾಕಲಿಲ್ಲ. ಪರೀಕ್ಷೆ ನಡೆಯುವ ಕೋಣೆಗೆ ಹೊರಗಿನಿಂದ ಉತ್ತರ ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ.

ಮೊದಲು ಹೋದವಳು ಬೀಡಿ ಅಜ್ಜಿ. ಡಾಕ್ಟರ್, 'ಅಜ್ಜಿ, ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಸೇಬು, ಮೇಜು, ನಾಣ್ಯ. ಆಮೇಲೆ ಕೇಳ್ತೀನಿ' ಅಂದಳು. ಸ್ವಲ್ಪ ಹೊತ್ತು ಬಿಟ್ಟು, 'ಈಗ ಹೇಳಿ, ಆ ಮೂರು ಯಾವುವು?' ಅಂದಾಗ ಅಜ್ಜಿ, 'ಮೊದಲ ಸೇಬ ತರ್ರಿ, ಆಮ್ಯಾಲ ಮುಂದಿಂದ ನೋಡೂಣು' ಅಂದಳು. 'ನಿಮ್ಮ ಯಜಮಾನ್ರ ಹೆಸರೇನು?' ಎಂಬ ಪ್ರಶ್ನೆಗೆ ಒಳಗಿನಿಂದ ಕಿಸಕ್ಕೆಂದು ನಗೆ ಕೇಳಿತು, ಉತ್ತರ ಕೇಳಲಿಲ್ಲ. ಡಾಕ್ಟರ್ ಮೂರು ಸಲ ಕೇಳಿದಳು. ಮೂರು ಸಲವೂ ನಗೆ.

ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಈ ಸೀಮೆಯ ಹಳೆಯ ಹೆಂಗಸರಿಗೆ ಇದು ಹಲ್ಲುಜ್ಜುವಷ್ಟು ಸಹಜ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಮದುವೆಗೆ ಮೊದಲೇ ತಲೆಗೆ ತುಂಬಿರುತ್ತಾರೆ. ಆಮೇಲೆ ಗಂಡ ಸತ್ತರೂ ಆ ಕಟ್ಟು ಬಿಡುವುದಿಲ್ಲ. ನನ್ನ ಅತ್ತೆಯದಂತೂ ಇನ್ನೂ ಒಂದು ಪಟ್ಟು ಹೆಚ್ಚು. ಮಾವನವರ ಹೆಸರಿನಲ್ಲಿ ವಾರದ ಒಂದು ದಿನ ಸೇರಿಕೊಂಡಿತ್ತು. ಅದಕ್ಕೆ ಆ ದಿನವೇ ಅತ್ತೆಯ ಬಾಯಲ್ಲಿ ಬರುತ್ತಿರಲಿಲ್ಲ. ಅವರ ವಾರದಲ್ಲಿ ಐತವಾರ ಇದೆ, ಮಂಗಳವಾರ ಇದೆ, ನಡುವಿನದು 'ಐತವಾರದ ಮರುದಿನ'.

ಅತ್ತೆಯನ್ನು ಒಳಗೆ ಕರೆದದ್ದೂ ಅದೇ ದಿನವೇ ಆಗಬೇಕೇ.

'ಅಜ್ಜಿ, ಇವತ್ತು ಯಾವ ವಾರ?'

'ಐತವಾರದ ಮರುದಿನ.'

'ಅಂದ್ರೆ ಯಾವ ವಾರ?'

'ಮಂಗಳವಾರದ ಹಿಂದಿನ ದಿನ.'

'ಸರಿ ಅಜ್ಜಿ, ಅದಕ್ಕೆ ಏನಂತ ಕರೀತಾರೆ?'

'ಮಂದಿ ಏನರ ಕರೀವಲ್ಲರ್ಯಾಕ. ನಾ ಕರೆಯೂದಿಲ್ಲ.'

ಪೆನ್ಸಿಲ್ ಹಾಳೆಯ ಮೇಲೆ ಗೀರಿದ ಸದ್ದು ನನಗೆ ಕೇಳಿತು. ತಪ್ಪು ಗುರುತಿನ ಸದ್ದು ನನಗೆ ಚೆನ್ನಾಗಿ ಗೊತ್ತು. ಯಜಮಾನರ ಹೆಸರು ಕೇಳಿದಾಗ ಅತ್ತೆ, 'ಅವರು ಹೋಗಿ ಹದಿನೆಂಟ ವರ್ಷ ಆತು. ಈಗ ಅವರ ಹೆಸರ ತೊಗೊಂಡ ನೀ ಏನ ಮಾಡ್ತೀ ತಂಗಿ?' ಅಂದರು. ಮತ್ತೊಂದು ಗೀರು.

ಸಂಜೆ ಚೀಟಿ ಕೈಗೆ ಬಂತು. ಗಂಡಸರೆಲ್ಲರಿಗೂ ಹಸಿರು ಚೀಟಿ, ಹದಿಮೂರು ಹೆಂಗಸರಿಗೂ ಕೆಂಪು. ಗಂಡಸರೂ ಹೆಂಡತಿಯ ಹೆಸರು ಹೇಳಲು ಒದ್ದಾಡಿದರೂ ಕೊನೆಗೆ ಹೇಳಿದ್ದರು. ನಿವೃತ್ತ ಬಸ್ ಡ್ರೈವರ್ ಒಬ್ಬರು ಹೇಳಿ ಹೊರಬಂದವರು ಕನ್ನಡಿ ನೋಡುವಂತೆ ಎಡಕ್ಕೂ ಬಲಕ್ಕೂ ನೋಡಿಕೊಂಡು, ಮೀಸೆಯ ಮೇಲೆ ಕೈಯಾಡಿಸಿ ಹೋದರು. ಕೆಂಪು ಚೀಟಿಯಲ್ಲಿ ಹೀಗೆ ಅಚ್ಚಾಗಿತ್ತು: ನೆನಪಿನ ತೊಂದರೆ ಕಂಡುಬಂದಿದೆ, ಒಬ್ಬರನ್ನೇ ಹೊರಗೆ ಬಿಡಬಾರದು. ಕೆಳಗೆ ಮುದ್ರೆ.

ಬೀಡಿ ಅಜ್ಜಿ ಆ ಚೀಟಿಯಲ್ಲಿ ಸುಣ್ಣದ ಡಬ್ಬಿ ಸುತ್ತಿದಳು. ಉಳಿದವರ ಮನೆಯಲ್ಲೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ನಮ್ಮ ಮನೆಯಲ್ಲಿದ್ದವರು ಮುದ್ರೆ ಬಿದ್ದ ಕಾಗದ ಕಂಡರೆ ಎದ್ದು ನಿಲ್ಲುವ ಮನುಷ್ಯ. ಕನ್ನಡಕ ಏರಿಸಿ ಮೂರು ಸಲ ಓದಿದರು. ಎದ್ದು ಹೋಗಿ ಗೇಟಿನ ಚಿಲಕ ಹಾಕಿ ಬಂದರು.

'ಇನ್ನ ಅವ್ವ ಅಲ್ಲಿ ಹೋಗೂದ ಬ್ಯಾಡ' ಅಂದರು.

'ಏನ್ರೀ, ನಿಮ್ಮಪ್ಪನ ಹೆಸರ ಅವ್ವ ಹೇಳಾಂಗಿಲ್ಲ ಅನ್ನೂದ ನಿಮಗ ಗೊತ್ತಿಲ್ಲೇನು?'

'ಗೊತ್ತೈತಿ. ಆದ್ರ ಡಾಕ್ಟರ್ ಬರದಾರ.'

ಈ ವಾದಕ್ಕೆ ಎದುರು ಹೇಳುವಂಥದ್ದು ಭೂಮಿಯ ಮೇಲೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ಅತ್ತೆ ಒಗೆದ ಸೀರೆ ಉಟ್ಟು, ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರೆ ಗೇಟಿಗೆ ಬೀಗ. ಮಗ ಒಂದು ಕಾಗದದಲ್ಲಿ ಮನೆಯ ವಿಳಾಸ, ಫೋನ್ ನಂಬರ್ ಬರೆದು ಅವ್ವನ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಅತ್ತೆ ಬೀಗ ನೋಡಿದರು, ಗಂಟು ನೋಡಿದರು, ಮಗನ ಮುಖ ನೋಡಿದರು. ಒಳಗೆ ಹೋಗಿ ಕೂತರು. ಗಂಡನ ಮೇಲೆ ನನಗೆ ಸಿಟ್ಟು ಬಂತು, ಆದರೆ ಅವರು ಆ ಗಂಟನ್ನು ಬಿಚ್ಚಿ ಬಿಚ್ಚಿ ಮತ್ತೆ ಕಟ್ಟಿದ್ದನ್ನು ನೋಡಿದ್ದೆ. ಅವ್ವ ಎಲ್ಲೋ ಕಳೆದುಹೋದಾಳು ಎಂಬ ಹೆದರಿಕೆ ಅವರಿಗೆ ನಿಜವಾಗಿ ಇತ್ತು.

ಮಧ್ಯಾಹ್ನದಿಂದ ಅತ್ತೆಯ ಸೇಡು ಶುರುವಾಯಿತು.

'ಅವ್ವಾ, ಊಟ ಆತೇನು?'

'ನೆನಪಿಲ್ಲಪಾ.'

'ಗುಳಿಗಿ ತೊಗೊಂಡಿ?'

'ಚೀಟಿ ನೋಡು. ನೆನಪಿಲ್ಲ ಅಂತ ಬರದಾರ.'

ಎರಡು ಸಲ ಊಟ ಮಾಡಿದರು. ಮೂರನೆಯ ಸಲ ತಾಟು ಹಿಡಿದು ಕೂತಾಗ ನಾನೇ ಕಣ್ಣು ಬಿಟ್ಟು ಎಬ್ಬಿಸಿದೆ. ಮಗನ ಕನ್ನಡಕವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು, ಮನೆಯೆಲ್ಲ ಹುಡುಕಿಸಿ, 'ಎಲ್ಲಿಟ್ನೋ ಏನೋ' ಅಂದರು. ಮೂರನೆಯ ದಿನ ಮಗ ಸ್ನಾನ ಮಾಡಿ ಹೊರಬಂದಾಗ ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, 'ಈ ಯಪ್ಪ ಯಾರವಾ? ಬಾಡಿಗಿಗೆ ಬಂದಾನೇನು?' ಅಂತ ಕೇಳಿದರು. ಅವರ ಮುಖ ಸುಣ್ಣವಾಯಿತು. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುಂಬಿಕೊಂಡು ನಕ್ಕೆ. ಹಿಂದೆಯೇ ಬಂದ ಅತ್ತೆ ತಣ್ಣಗೆ, 'ಬೀಗ ತಗೀತಾನೇನು ನೋಡೂಣು' ಅಂದರು.

ಬೀಗ ತೆಗೆಯಲಿಲ್ಲ. ಇನ್ನೂ ಒಂದು ಬೀಗ ಬಂತು, ಹಿಂದಿನ ಬಾಗಿಲಿಗೆ.

ಸೇಡು ತಿರುಗಿ ತಮ್ಮ ಕೊರಳಿಗೇ ಬಿದ್ದದ್ದು ಅತ್ತೆಗೂ ಗೊತ್ತಾಯಿತು. ವಾರ ಕಳೆಯುವಷ್ಟರಲ್ಲಿ ಅವರ ದನಿ ಇಳಿಯಿತು. ಹತ್ತು ಗಂಟೆ ಆಗುತ್ತಲೇ ಕಿಟಕಿಯ ಹತ್ತಿರ ಕೂತು ರಸ್ತೆ ನೋಡುತ್ತಿದ್ದರು. ಒಂದು ದಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕ ಬರೆದುಕೊಂಡು, ಎರಡೂ ಕಡೆಯ ಆಟ ತಾವೇ ಆಡುತ್ತಿದ್ದರು. ಮೋಸ ಮಾಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ನೇರವಾಗಿ ಡಾಕ್ಟರ್ ಹುಡುಗಿಯ ಹತ್ತಿರ ಹೋದೆ.

'ನೀವು ಹದಿಮೂರು ಮಂದಿಗೆ ಮರೆವು ಅಂತ ಬರೆದಿರಿ. ಅವರಿಗೆ ಇರುವುದು ಮರೆವಲ್ಲ, ಮರ್ಯಾದೆ' ಅಂತ ಶಾಲೆಯ ದನಿಯಲ್ಲೇ ಶುರುಮಾಡಿ ಪೂರ್ತಿ ಪಾಠ ಒಪ್ಪಿಸಿದೆ. ಹುಡುಗಿ ಕೆನ್ನೆಗೆ ಕೈ ಹಚ್ಚಿಕೊಂಡು ಕೇಳಿದಳು. 'ಅಯ್ಯೋ, ನನಗೆ ಯಾರೂ ಹೇಳ್ಲಿಲ್ವಲ್ಲ ಮೇಡಂ' ಅಂದಳು. ಒಳ್ಳೆಯ ಹುಡುಗಿ, ತಪ್ಪು ಒಪ್ಪಿಕೊಳ್ಳಲು ನನ್ನ ವಯಸ್ಸಿನವರಷ್ಟು ಸಮಯ ತೆಗೆದುಕೊಳ್ಳಲಿಲ್ಲ. ಹಾಳೆ ತೆಗೆದು, 'ಇನ್ನೊಂದ್ ಸಲ ತಪಾಸಣೆ ಮಾಡ್ತೀನಿ, ಮನೆಯವರ ಒಪ್ಪಿಗೆಗೆ ಒಂದು ಸಹಿ ಬೇಕು. ನಿಮ್ಮ ಯಜಮಾನ್ರ ಹೆಸರೇನು ಮೇಡಂ?' ಅಂದಳು.

'ನಮ್ಮ ಮನಿಯವರು...' ಅಂತ ಶುರುಮಾಡಿ ನಾನು ನಿಂತುಬಿಟ್ಟೆ. ಅರ್ಜಿಗಳಲ್ಲಿ ಸಾವಿರ ಸಲ ಬರೆದಿದ್ದೇನೆ. ಬಾಯಲ್ಲಿ ಯಾವತ್ತು ಹೇಳಿದ್ದೆ? ಆಧುನಿಕಳು ಅಂತ ಬೀಗಿಕೊಂಡು ತಿರುಗುವ ನಾನು ನಲವತ್ತು ವರ್ಷ 'ಏನ್ರೀ' ಒಂದರಲ್ಲೇ ಸಂಸಾರ ದೂಡಿದ್ದೆ. ಕೊನೆಗೆ ಹೇಳಿದೆ. ಹೇಳಿ, ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದೆ. ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡಳು, ನಾನು ಕಂಡೂ ಕಾಣದಂತೆ ಇದ್ದೆ.

ದಾರಿ ಇತ್ತು. ಗಂಡನ ಹೆಸರನ್ನು ನೇರವಾಗಿ ಹೇಳಬಾರದು, ಆದರೆ ಒಡಪಿನಲ್ಲಿ ಹೇಳಬಹುದು. ಮದುವೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಹೆಸರು ಹೇಳಿದರೇ ಒಳಗೆ ಅಂತಾರಲ್ಲ, ಆಗ ಅವಳು ಎರಡು ಸಾಲಿನ ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳುತ್ತಾಳೆ. ಹಾಗೆ ಹೇಳಿದರೆ ದೋಷವಿಲ್ಲ. ಮರಾಠಿಯವರಲ್ಲೂ ಇದೇ ಪದ್ಧತಿ ಇದೆ. ಮುಂದಿನ ವಾರ ಮತ್ತೆ ತಪಾಸಣೆ, ಈ ಸಲ ಪರದೆ ಇಲ್ಲ, ಹೆಂಗಸರೆಲ್ಲ ಒಡಪಿನಲ್ಲಿ ಹೆಸರು ಹೇಳುವುದು ಅಂತ ಮಾತಾಯಿತು. ಗಂಡನಿಗೆ ತಿಳಿಸಿದೆ. ಅವರು ಬಹಳ ಯೋಚಿಸಿ, 'ಹಸಿರ ಚೀಟಿ ಬಂದ್ರ ಕಳಸ್ತೀನಿ. ಮತ್ತ ಕೆಂಪ ಬಂದ್ರ ಮುಗೀತು, ಯಾರೂ ನನಗ ಏನೂ ಹೇಳಬ್ಯಾಡ್ರಿ' ಅಂದರು.

ಆ ವಾರ ಕೇಂದ್ರದಲ್ಲಿ ನಾನು ಪೇಪರ್ ಓದಲಿಲ್ಲ, ಓದಿದರೂ ಯಾರೂ ಕೇಳುತ್ತಿರಲಿಲ್ಲ. ಹನ್ನೆರಡು ಹೆಂಗಸರು ಹಳೆಯ ಒಡಪುಗಳನ್ನು ಟ್ರಂಕಿನಿಂದ ಸೀರೆ ತೆಗೆದಂತೆ ತೆಗೆದು ಕೊಡವುತ್ತಿದ್ದರು. ಒಬ್ಬರದು ಇನ್ನೊಬ್ಬರು ಕದ್ದರು ಅಂತ ಎರಡು ಜಗಳ ಆದವು. ಬೀಡಿ ಅಜ್ಜಿ, 'ಮರಾಠಿಯೊಳಗ ಹೇಳಿದ್ರ ನಡೀತೈತೇನು? ಕನ್ನಡದಾಗ ನನ್ನ ಗಂಡಗ ತಿಳಿಯೂದಿಲ್ಲ' ಅಂದಳು. ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು. ಬಸ್ ಡ್ರೈವರ್ ತಮಗೂ ಒಂದು ಒಡಪು ಬೇಕೆಂದು ಹಟ ಹಿಡಿದರು, ಹಸಿರು ಚೀಟಿಯವರಿಗೆ ಇಲ್ಲ ಅಂತ ಹೆಂಗಸರು ಅವರನ್ನು ಓಡಿಸಿದರು.

ಮನೆಯಲ್ಲಿ ನಾನು, 'ಅತ್ಯಾರ, ಒಂದ ಸಲ ಹೇಳಿ ನೋಡ್ರಿ, ರೂಢಿ ಆಗ್ಲಿ' ಅಂದೆ. ಅವರು ಒಪ್ಪಲಿಲ್ಲ.

'ನನಗೇನ ರೂಢಿ ಬೇಕಾಗೇತಿ? ಹೊಚ್ಚಲದಾಗ ನಿಂತ ಹೇಳಿದ್ದು ಕಲ್ಲಾಗ ಕೊರದಂಗ ಐತಿ' ಅಂದು, ಅದರ ಕಥೆ ಮಾತ್ರ ಹೇಳಿದರು. ಮದುವೆಗೆ ಮೊದಲು ಮಾವ ಏನೋ ನೆಪ ಮಾಡಿಕೊಂಡು ಅತ್ತೆಯ ತವರಿನ ಹೊಲಕ್ಕೆ ಬಂದು, ಇವರನ್ನು ನೋಡುವ ಗಡಿಬಿಡಿಯಲ್ಲಿ ಕುಡುಗೋಲನ್ನು ಅಲ್ಲೇ ಬಿಟ್ಟು ಹೋಗಿದ್ದರಂತೆ. ಊರೆಲ್ಲ ನಕ್ಕಿತ್ತು. ಹದಿನೇಳರ ಹುಡುಗಿ ಅದನ್ನೇ ಒಡಪು ಮಾಡಿ, ತುಂಬಿದ ಮನೆಯೆದುರು ಗಂಡನ ಮಾನ ತೆಗೆದಿದ್ದಳು. ಆ ಒಡಪು ಹೀಗಿದೆ, ಹೆಸರು ಬರುವಲ್ಲಿ ನಾನು ಜಾಗ ಬಿಟ್ಟಿದ್ದೇನೆ:

'ಹೊಲದ ಬದುವಿಗಿ ಹುರಳಿ ಹೂವ, ಮನಿ ಬಾಗಲಕ ಮಾವಿನ ತ್ವಾರಣ,
...ಅವರು ಕುಡಗೋಲ ಮರತ ಬಂದ್ರ, ನಾ ಅಲ್ಲ ಅದಕ ಕಾರಣ.'

ನನಗೂ ಅವರು ಹೇಳಿದ್ದು ಹಾಗೇ, ಹೆಸರಿನ ಜಾಗದಲ್ಲಿ 'ಇಂಥವರು' ಅಂದು.

ತಪಾಸಣೆಯ ದಿನ ಆಟೋದಲ್ಲಿ ಅತ್ತೆ ಮದುಮಗಳ ಹಾಗೆ ಕೂತಿದ್ದರು. ಕೇಂದ್ರದ ಬಾಗಿಲಲ್ಲೇ ಬೀಡಿ ಅಜ್ಜಿ, 'ಬಂದಳಪಾ ಕಳ್ಳಿ. ಸೊರಗಿ ಹೋಗ್ಯಾಳ ನೋಡ್ರಿ ಆಡಾಕ ಇಲ್ದ' ಅಂತ ಸ್ವಾಗತಿಸಿದಳು. ಅತ್ತೆ ಬೈದರು. ಇಬ್ಬರ ಮುಖವೂ ಅರಳಿತು.

ಡಾಕ್ಟರ್ ನಡುವೆ ಕೂತಳು, ಸುತ್ತ ಹೆಂಗಸರು. ಬೀಡಿ ಅಜ್ಜಿ ಮರಾಠಿಯಲ್ಲಿ ಹೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ಹೆಸರು ಮಾತ್ರ ಗೋಡೆಗೆ ಬಡಿಯುವಷ್ಟು ಜೋರಾಗಿ ಕೇಳಿತು. ಒಬ್ಬೊಬ್ಬರು ಹೇಳಿದಂತೆ ಚಪ್ಪಾಳೆ. ಕೆಲವರ ಗಂಡಂದಿರು ಬದುಕಿದ್ದರೆ ನಾಚಿ ಸಾಯುತ್ತಿದ್ದರು, ಅಂಥ ಒಡಪುಗಳು. ಡಾಕ್ಟರ್ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಹಸಿರು ಚೀಟಿ ಬರೆಯುತ್ತಲೇ ಹೋದಳು. ಕೊನೆಗೆ ಅತ್ತೆಯ ಸರದಿ.

ಅತ್ತೆ ಎದ್ದು ನಿಂತರು. ನೆರಿಗೆ ಸರಿಮಾಡಿಕೊಂಡರು. ದನಿ ಗಟ್ಟಿಯಾಗಿತ್ತು.

'ಹೊಲದ ಬದುವಿಗಿ ಹುರಳಿ ಹೂವ, ಮನಿ ಬಾಗಲಕ ಮಾವಿನ ತ್ವಾರಣ...'

ಅಲ್ಲಿ ನಿಂತರು.

'ಹೇಳವಾ, ಹೇಳ' ಅಂತ ಹೆಂಗಸರು ಹುರಿದುಂಬಿಸಿದರು. 'ನಾಚಾಕತ್ತಾಳ' ಅಂತ ಯಾರೋ ಅಂದರು, ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಮತ್ತೆ ಮೊದಲ ಸಾಲು ಹೇಳಿದರು, ಮತ್ತೆ ತೋರಣದಲ್ಲಿ ನಿಂತರು. ಬಾಯಿ ತೆರೆದೇ ಇತ್ತು. ಅವರ ಎದುರಿಗೆ ಕೂತಿದ್ದ ನಾನು ಅವರ ಕಣ್ಣು ನೋಡಿದೆ. ನಾಚಿದ ಕಣ್ಣು ಕೆಳಗಿಳಿಯುತ್ತದೆ. ಇವರ ಕಣ್ಣು ಅತ್ತಿತ್ತ ಓಡಾಡುತ್ತಿತ್ತು, ಗೋಡೆ, ಕಿಟಕಿ, ಜನರ ಮುಖ. ಬೋರ್ಡಿನ ಮುಂದೆ ನಿಂತು ಉತ್ತರ ಹುಡುಕುವ ಮಕ್ಕಳ ಕಣ್ಣು ಅದು. ಇಷ್ಟು ದಿನ ಆಟವಾಡಿ ನನ್ನನ್ನು ನಗಿಸಿದ ಹೆಂಗಸು ಈಗ ಆಟವಾಡುತ್ತಿರಲಿಲ್ಲ.

ಡಾಕ್ಟರ್ ನಗುತ್ತಲೇ ನನ್ನ ಕಡೆ ನೋಡಿದಳು. 'ತುಂಬಾ ನಾಚಿಕೆ ಅಲ್ವಾ ಮೇಡಂ?'

'ಹೌದ್ರಿ. ಇಷ್ಟ ಮಂದಿ ಮುಂದ ಹೇಳಾಕ ಆಗೂದಿಲ್ಲ ಅವರಿಗೆ. ನನ್ನ ಕಿವಿಯಾಗ ಹೇಳ್ತಾರ' ಅಂದು ಎದ್ದು ಹೋಗಿ, ಅತ್ತೆಯ ಬಾಯಿಯ ಹತ್ತಿರ ಕಿವಿ ಹಿಡಿದೆ. ಅವರು ನನ್ನ ಮುಂಗೈ ಹಿಡಿದುಕೊಂಡರು. ಉಸಿರಿನಲ್ಲೇ ಕೇಳಿದರು.

'ಏನಿತ್ತವಾ, ಅವರ ಹೆಸರು?'

ನಾನು ನೆಟ್ಟಗಾಗಿ ಡಾಕ್ಟರ್ ಕಡೆ ತಿರುಗಿದೆ.

'ಹೇಳಿದ್ರು. ಬರೋಬರಿ ಐತಿ. ಬರಕೋರಿ' ಅಂದೆ.

ಹುಡುಗಿ ಹಸಿರು ಚೀಟಿ ಬರೆದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಬೀಡಿ ಅಜ್ಜಿ ಆಗಲೇ ನೆಲದ ಮೇಲೆ ಚೌಕ ಬರೆದು ಕಾಯುತ್ತಿದ್ದಳು. ಆ ಮಧ್ಯಾಹ್ನ ಅತ್ತೆ ಮೂರು ಆಟ ಆಡಿದರು. ಎರಡರಲ್ಲಿ ಮೋಸ ಮಾಡಿದರು, ಸಿಕ್ಕಿಬೀಳಲಿಲ್ಲ. ಕವಡೆ ಎಣಿಸುವುದರಲ್ಲಿ ಒಂದೂ ತಪ್ಪಲಿಲ್ಲ, ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಎಲ್ಲವೂ ಇದೆ, ಆ ಒಂದು ಇಲ್ಲ. ಅರವತ್ತೇಳು ವರ್ಷ ಬಾಯಿಗೆ ಬಾರದಂತೆ ಕಾಯ್ದಿಟ್ಟ ಹೆಸರು, ಬೇಕೆಂದಾಗ ಬರಲಿಲ್ಲ.

ನಾನು ಮಾಡಿದ್ದು ತಪ್ಪೋ ಸರಿಯೋ ಅಂತ ಆ ಮಧ್ಯಾಹ್ನವೆಲ್ಲ ಯೋಚಿಸಿದೆ. ನಿಜ ಹೇಳಿದ್ದರೆ ಅತ್ತೆಗೆ ಗುಳಿಗೆ ಸಿಗುತ್ತಿತ್ತು, ಬೀಗವೂ ಸಿಗುತ್ತಿತ್ತು. ಡಾಕ್ಟರ್ ಹುಡುಗಿಗೆ ಒಬ್ಬಳಿಗೇ ಮುಂದಿನ ವಾರ ನಿಜ ಹೇಳುವುದು ಅಂತ ಗಟ್ಟಿಮಾಡಿಕೊಂಡೆ. ಆಮೇಲೆ ಕೇಂದ್ರ ನಡೆಸುವ ಹೆಣ್ಣುಮಗಳ ಹತ್ತಿರ ಹೋಗಿ, ನಾಳೆಯಿಂದ ನಾನು ಒಂದು ತಾಸಿಗಲ್ಲ, ಹತ್ತರಿಂದ ಐದರವರೆಗೆ ಇರುತ್ತೇನೆ ಅಂದೆ. 'ಕುರ್ಚಿ ಕಸರತ್ತೂ ಮಾಡ್ತೀರೇನ್ರಿ ಬಾಯಾರ?' ಅಂತ ಅವಳು ಹಲ್ಲು ಬಿಟ್ಟಳು. ಮಾಡುತ್ತೇನೆ ಅಂದೆ. ಅತ್ತೆ ಹೋಗುವಾಗ ಬರುವಾಗ ಯಾರಾದರೂ ಜೊತೆಗೆ ಬೇಕಲ್ಲ.

ಹಿಂತಿರುಗುವಾಗ ಆಟೋದಲ್ಲಿ ಅತ್ತೆ ಹಸಿರು ಚೀಟಿಯನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಸೇರಿಸಿದರು. ಹೆಸರನ್ನು ನಾನು ಹೇಳಲಿಲ್ಲ, ಅವರು ಮತ್ತೆ ಕೇಳಲಿಲ್ಲ. ಅತ್ತೆಯ ಎದುರಿಗೆ ಮಾವನ ಹೆಸರು ಹೇಳುವುದು ನನಗೂ ಬಾಯಿಗೆ ಬರುವಂಥದ್ದಲ್ಲ. ಮನೆಯ ತಿರುವಿನಲ್ಲಿ ಮಾತ್ರ, 'ನಾಳೆ ಹೋಗೂದು ಐತೆಲ್ಲಾ?' ಅಂದರು.

'ಐತ್ರಿ' ಅಂದೆ.

ಗಂಡ ಹಸಿರು ಚೀಟಿಯನ್ನು ಮೂರು ಸಲ ಓದಿದರು. ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡೂ ಬೀಗದ ಕೈ ತಂದು ನನ್ನ ಮುಂದಿಟ್ಟರು. ಸಂಜೆ ಬೇಗನೇ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ರೊಟ್ಟಿಯನ್ನು ಮುರಿದು ಹಾಲಿಗೆ ಹಾಕಿಕೊಳ್ಳುತ್ತಿದ್ದರು. ಇವರು ತುತ್ತು ಕೈಯಲ್ಲಿ ಹಿಡಿದೇ ನನ್ನನ್ನು ಕೇಳಿದರು.

'ಖರೇನ ಅಪ್ಪನ ಹೆಸರ ಹೇಳಿದ್ಲೇನು?'

'ಹೇಳಿದ್ರು.'

'ಹುಟ್ಟಿದಾಗಿಂದ ನಾ ಒಮ್ಮೆನೂ ಕೇಳಿಲ್ಲ. ಅಪ್ಪ ಇದ್ದಾಗೂ ಕೇಳಿಲ್ಲ, ಹೋದ ಮ್ಯಾಲೂ ಕೇಳಿಲ್ಲ.' ಅವರು ತುತ್ತನ್ನು ತಾಟಿಗೆ ಇಳಿಸಿದರು. 'ಹೆಂಗ ಅಂದ್ಲು? ಒಂದ ಸಲ ಅಂದ ತೋರ್ಸು.'

ನಾನು ಅತ್ತೆಯ ಕಡೆ ನೋಡಿದೆ. ಅವರು ರೊಟ್ಟಿ ಮುರಿಯುವುದನ್ನು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಮಗನಿಗಿಂತ ಹೆಚ್ಚಿಗೆ ಅವರಿಗೆ ಅದು ಬೇಕಾಗಿತ್ತು.

ಹೇಳಿದೆ. ಹುರಳಿ ಹೂವಿನಿಂದ ಕಾರಣದವರೆಗೆ, ಹೆಸರನ್ನೂ ಎಲ್ಲಿಯೂ ನುಂಗದೆ, ಪೂರ್ತಿ ಒಡಪು ಹೇಳಿದೆ. ಆ ಮನೆಗೆ ಬಂದ ನಲವತ್ತು ವರ್ಷದಲ್ಲಿ ಮಾವನ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಗಂಡ ತಲೆ ತಗ್ಗಿಸಿ ಕೂತರು. ಅತ್ತೆ ನಿಧಾನವಾಗಿ ತಲೆ ಆಡಿಸಿದರು, 'ಹಾಂ, ಅವರ ಹೌದು' ಅಂದರು. ಆಮೇಲೆ ಹಾಲು ಹತ್ತಿದ ಕೈಯನ್ನು ಒರೆಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಾವ ಒಳಗೆ ಬಂದಾಗ ಕೂರುತ್ತಿದ್ದ ಹಾಗೆ ನೆಟ್ಟಗೆ ಕೂತರು.